ಓಡುವ ಕಾಲಿನ ಹಿಂದೆ
ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ನಸುಕಿನಲ್ಲೇ ಬೂಟು ಕಟ್ಟಿ ಓಡಲು ಹೊರಡುವವರಿಗೆ ಮೊದಲು ಎದುರಾಗುವುದು ಹಾಲಿನ ಗಾಡಿ, ಆಮೇಲೆ ಬೀದಿನಾಯಿಗಳ ಹಿಂಡು. ಅಂದಿನ ಮಹಾನಗರ ಪಾಲಿಕೆ ಬಿಬಿಎಂಪಿಯ 2023ರ ಗಣತಿಯಂತೆ ನಗರದಲ್ಲಿದ್ದ ಬೀದಿನಾಯಿಗಳು ಸುಮಾರು 2.79 ಲಕ್ಷ, 2019ರಲ್ಲಿ 3.10 ಲಕ್ಷ ಇದ್ದವು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯ ತುದಿ ಕತ್ತರಿಸಿರುತ್ತದೆ. ಆದರೆ ಶಸ್ತ್ರಚಿಕಿತ್ಸೆಯಾಗಿರಲಿ, ಆಗದಿರಲಿ, ಓಡುವ ಕಾಲು ಕಂಡರೆ ಅಟ್ಟಿಸಿಕೊಂಡು ಬರುವುದು ನಾಯಿಯ ಹುಟ್ಟುಗುಣ. ಬೊಗಳುತ್ತ ಬಂದಾಗ ವೇಗ ಹೆಚ್ಚಿಸಬಾರದು. ನಿಂತು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಬೆನ್ನು ತಿರುಗಿಸದೆ ಮೆಲ್ಲಗೆ ಪಕ್ಕಕ್ಕೆ ಸರಿಯಬೇಕು. ಮರಿ ಹಾಕಿದ ನಾಯಿಯಿರುವ ಅಡ್ಡರಸ್ತೆಯನ್ನು ಕೆಲವು ವಾರ ಬಿಟ್ಟು ಬೇರೆ ದಾರಿ ಹಿಡಿಯುವುದು ಒಳ್ಳೆಯದು. ಹಲ್ಲು ತಾಗಿತೋ, ಗೀರು ಎಷ್ಟೇ ಸಣ್ಣದಿರಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರುಮಾಡಿಸಿಕೊಳ್ಳಬೇಕು.