ಮನೆಗೆ ಕೊಟ್ಟ ವಿನಾಯಿತಿ ಎಲ್ಲಿಯವರೆಗೆ?

ಕಲಂಗುಟ್‌ನ ಸಂತ ಅಲೆಕ್ಸ್ ಚರ್ಚಿನ ಆಸುಪಾಸಿನಿಂದ ಕಡಲಿನ ಕಡೆಗೆ ಹೊರಟರೆ, ಎಷ್ಟೋ ಕಡೆ ಮನೆ ಎಲ್ಲಿ ಮುಗಿಯಿತು, ವಸತಿಗೃಹ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಮುಂಭಾಗದಲ್ಲಿ ಮನೆಯವರು, ಹಿಂದೆ ಎರಡೋ ಮೂರೋ ಬಾಡಿಗೆ ಕೋಣೆ. ಚೋರ್ಲಾ ಘಾಟಿ ಇಳಿದು ಬೆಳಗಾವಿ ಕಡೆಯಿಂದ ಬಂದ ಹುಡುಗರು ರೂಮು ಕೇಳಿದರೆ ಮೊದಲು ಬರುವ ಮಾತು, ‘ಆಧಾರ್ ವಾಟ್ಸ್‌ಆ್ಯಪ್ ಮಾಡಿ’. ನಾಲ್ವರ ಕಾರ್ಡು, ಹಿಂದೆ ಮುಂದೆ ಸೇರಿ ಎಂಟು ಫೋಟೊ, ಮಾಲೀಕರ ಮೊಬೈಲಿಗೆ ಹೋಗಿ ಬೀಳುತ್ತದೆ. ಅದೇ ಮೊಬೈಲಿನ ಗ್ಯಾಲರಿಯಲ್ಲಿ ಮೊಮ್ಮಗಳ ಮೊದಲ ಕ್ರಿಸ್‌ಮಸ್‌ನ ಚಿತ್ರವಿರುತ್ತದೆ, ಅಜ್ಜಿಯ ರಕ್ತ ಪರೀಕ್ಷೆಯ ವರದಿಯೂ ಇರುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 3ನೇ ಕಲಮು, ವ್ಯಕ್ತಿಯೊಬ್ಬರು ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ಕಾನೂನಿನಿಂದ ಹೊರಗಿಟ್ಟಿದೆ. ಈ ವಿನಾಯಿತಿ ಬೇಕೇ ಬೇಕು. ಸೋದರತ್ತೆಯ ಫೋನ್ ನಂಬರ್ ಬರೆದಿಟ್ಟುಕೊಳ್ಳಲು, ಮದುವೆಯ ಕರೆಯೋಲೆ ಹಂಚುವ ಪಟ್ಟಿ ಮಾಡಲು ಯಾರ ಒಪ್ಪಿಗೆ ಪತ್ರವೂ ಬೇಕಾಗಬಾರದು. ಕುಟುಂಬದ ಆಲ್ಬಮ್ಮಿನೊಳಗೆ ಸರ್ಕಾರ ಕಾಲಿಡುವ ದಿನ ನಮಗೆ ಬೇಡ. ಆದರೆ ಇದು ಉದ್ದೇಶಕ್ಕೆ ಕೊಟ್ಟ ವಿನಾಯಿತಿ. ಮನೆಯ ನಾಲ್ಕು ಗೋಡೆಗಾಗಲಿ ಕೈಯಲ್ಲಿರುವ ಮೊಬೈಲಿಗಾಗಲಿ ಕೊಟ್ಟದ್ದಲ್ಲ. ಹಾಗಾಗಿ ಮೊಮ್ಮಗಳ ಚಿತ್ರ ಕಾನೂನಿನ ಹೊರಗೆ, ಅದರ ಪಕ್ಕದಲ್ಲೇ ಇರುವ ಬೆಳಗಾವಿ ಹುಡುಗನ ಆಧಾರ್ ಕಾನೂನಿನ ಒಳಗೆ.

ಕೋಣೆಯನ್ನು ಬಾಡಿಗೆಗೆ ಕೊಡುವುದು ವ್ಯವಹಾರ. ಪ್ರವಾಸಿಗರನ್ನು ಇಳಿಸಿಕೊಳ್ಳುವವರು 1982ರ ಗೋವಾ ಪ್ರವಾಸೋದ್ಯಮ ವ್ಯಾಪಾರ ನೋಂದಣಿ ಕಾಯ್ದೆಯಡಿ ಹೆಸರು ದಾಖಲಿಸಬೇಕು. ವಿದೇಶಿಯರು ಇಳಿದರೆ 24 ಗಂಟೆಯೊಳಗೆ ಅವರ ವಿವರ ಅಧಿಕಾರಿಗಳಿಗೆ ಕಳಿಸಬೇಕು. ಕಾನೂನು ಕೇಳಿದ ಮಾಹಿತಿಯನ್ನು ಸರ್ಕಾರಕ್ಕೆ ಒಪ್ಪಿಸಲು ಅತಿಥಿಯ ಒಪ್ಪಿಗೆ ಬೇಕಿಲ್ಲ, ದತ್ತಾಂಶ ಕಾಯ್ದೆಯ 7ನೇ ಕಲಮು ಅದಕ್ಕೆ ಜಾಗ ಕೊಟ್ಟಿದೆ. ಕೊಟ್ಟ ಮೇಲೆ ಆ ಎಂಟು ಫೋಟೊ ಮೂರು ವರ್ಷ ಗ್ಯಾಲರಿಯಲ್ಲಿ ಏಕೆ ಉಳಿಯಬೇಕು? ಮೊಬೈಲ್ ರಿಪೇರಿಗೆ ಕೊಟ್ಟಾಗ ಅದು ಯಾರ ಕೈಗೆ ಹೋಯಿತು? ಈ ಪ್ರಶ್ನೆಗಳಿಗೆ ‘ಇದು ನಮ್ಮ ಮನೆ’ ಎನ್ನುವುದು ಉತ್ತರವಾಗುವುದಿಲ್ಲ.

ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ಕೊನೆಯಲ್ಲಿ ಪ್ರಕಟಣೆ ಹೊರಡಿಸಿತ್ತು. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆಯಲಾಯಿತು. ಪ್ರಕಟಣೆ ಹೋಯಿತು, ಅದು ಹೇಳಿದ ಅಪಾಯ ಹೋಗಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು, ಇದೇ ಆಧಾರ್ ವಿರುದ್ಧ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಅರ್ಜಿಯಿಂದಾಗಿ ಎಂಬುದನ್ನು ಕನ್ನಡಿಗರಿಗೆ ನೆನಪಿಸುವ ಅಗತ್ಯವಿಲ್ಲ.

ಓಣಿ ದಾಟಿ ಕಡಲ ತೀರಕ್ಕೆ ಬಂದರೆ ವಿಷಯ ಇನ್ನಷ್ಟು ಜಟಿಲ. ಅಪರಿಚಿತರ ಫೋಟೊವನ್ನು, ಮುಖ್ಯವಾಗಿ ಅವರು ಬಿಸಿಲು ಕಾಯಿಸುವಾಗ, ಈಜುವಾಗ, ಅನುಮತಿ ಇಲ್ಲದೆ ತೆಗೆಯಬೇಡಿ ಎಂದು ಗೋವಾ ಪ್ರವಾಸೋದ್ಯಮ ಇಲಾಖೆ 2023ರ ಜನವರಿಯಲ್ಲಿ ಪ್ರವಾಸಿಗರಿಗೆ ಸಲಹೆ ಕೊಟ್ಟಿತು. ಸಲಹೆ ಕೊಡಬೇಕಾದ ಪರಿಸ್ಥಿತಿ ಬಂತು ಎಂಬುದೇ ಬೇಸರದ ಸಂಗತಿ. ಖಾಸಗಿ ಅಂಗಗಳ ಚಿತ್ರ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಉಂಟು. ಉಳಿದ ಚಿತ್ರಗಳ ಗತಿಯೇನು?

ಕಲಂಗುಟ್‌ನ ಮರಳಿನಲ್ಲಿ ಮಣಿಸರ, ಕಾಲಂದುಗೆ, ಬಟ್ಟೆ ಮಾರುತ್ತ ನಡೆಯುವ ಲಂಬಾಣಿ ಹೆಂಗಸರನ್ನು ನೋಡಿ. ಅವರಲ್ಲಿ ಉತ್ತರ ಕರ್ನಾಟಕದಿಂದ ಹೊಟ್ಟೆಪಾಡಿಗೆ ಬಂದವರು ಬಹಳ. ಕನ್ನಡಿ ಕೂರಿಸಿದ ಕಸೂತಿ, ತೋಳು ತುಂಬ ಬಳೆ ಕಂಡ ಕೂಡಲೇ ಯಾರೋ ಮೊಬೈಲ್ ಎತ್ತುತ್ತಾರೆ. ಕೇಳುವವರು ಅಪರೂಪ. ಆ ಚಿತ್ರ ತೆಗೆದವರ ಮನೆಯವರ ನಡುವೆ ಉಳಿದರೆ ಕಾನೂನು ಸುಮ್ಮನಿರುತ್ತದೆ, ಇರಲಿ. ಅದೇ ಚಿತ್ರಕ್ಕೆ ಹಾಡು ಸೇರಿಸಿ ಲಕ್ಷಾಂತರ ಜನ ನೋಡುವ ರೀಲ್ ಮಾಡಿ, ಅದರಿಂದ ಹಣವೂ ಬರುತ್ತಿದ್ದರೆ ಅದನ್ನು ಮನೆಯ ಉದ್ದೇಶ ಎನ್ನುವುದು ಹೇಗೆ? ಅನುಮತಿ ಇಲ್ಲದೆ ತೀರದಲ್ಲಿ ಮಾರುವುದು ಗೋವಾದಲ್ಲಿ ತಪ್ಪು. ಆ ಹೆಂಗಸಿನ ಪಾಲಿಗೆ ಆ ರೀಲ್ ತನ್ನ ಮೇಲಿನ ಸಾಕ್ಷ್ಯವೂ ಆಗಬಲ್ಲದು. ತಾನೇ ಬಹಿರಂಗಪಡಿಸಿಕೊಂಡ ಮಾಹಿತಿಗೂ ದತ್ತಾಂಶ ಕಾಯ್ದೆ ವಿನಾಯಿತಿ ಕೊಟ್ಟಿದೆ, ನಿಜ. ಆದರೆ ಬಹಿರಂಗಪಡಿಸಿದ್ದು ಅವಳಲ್ಲ.

ಯುರೋಪಿನ ನ್ಯಾಯಾಲಯ ಈ ಗೆರೆಯನ್ನು ಬಹಳ ಹಿಂದೆಯೇ ಎಳೆದಿದೆ. ಸ್ವೀಡನ್ನಿನ ಚರ್ಚೊಂದರ ಕಾರ್ಯಕರ್ತೆ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾಡಿದ ಅಂತರ್ಜಾಲ ಪುಟದಲ್ಲಿ ಸಹೋದ್ಯೋಗಿಗಳ ವಿವರ ಹಾಕಿದ್ದರು. ಅವರಲ್ಲೊಬ್ಬರ ಕಾಲಿಗೆ ಪೆಟ್ಟಾಗಿದೆ ಎಂದೂ ಬರೆದಿದ್ದರು. ಕೆಟ್ಟ ಉದ್ದೇಶ ಇರಲಿಲ್ಲ. ಆದರೂ ಎಣಿಕೆಯಿಲ್ಲದಷ್ಟು ಜನ ನೋಡಬಹುದಾದ ಕಡೆ ಹಾಕಿದ ಮೇಲೆ ಅದು ಮನೆಯ ಮಾತಾಗಿ ಉಳಿಯುವುದಿಲ್ಲ ಎಂದು 2003ರ ನವೆಂಬರ್‌ನಲ್ಲಿ ತೀರ್ಪು ಬಂತು. ನಮ್ಮ ರೀಲ್‌ಗಳಿಗೆ ಇದಕ್ಕಿಂತ ಸರಿಯಾದ ಅಳತೆ ನನಗೆ ಕಾಣುವುದಿಲ್ಲ.

ಸಿಸಿಟಿವಿ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಧೈರ್ಯ ಬರುವುದಿಲ್ಲ. ಚೆಕ್ ದೇಶದ ರಿನೇಶ್ ಎಂಬುವರ ಮನೆಯ ಕಿಟಕಿಗಳನ್ನು ಯಾರೋ ಪದೇ ಪದೇ ಒಡೆಯುತ್ತಿದ್ದರು. ಅವರು ಸೂರಿನ ಕೆಳಗೆ ಕ್ಯಾಮೆರಾ ಇಟ್ಟರು. ಅದರಲ್ಲಿ ಬೀದಿಯೂ ಎದುರು ಮನೆಯ ಬಾಗಿಲೂ ಕಾಣುತ್ತಿತ್ತು. ಶಂಕಿತರು ಸಿಕ್ಕರು, ಅವರಲ್ಲೊಬ್ಬ ಕ್ಯಾಮೆರಾ ಇಟ್ಟದ್ದೇ ತಪ್ಪು ಎಂದು ತಕರಾರು ಎತ್ತಿದ. ಬೀದಿಯನ್ನು ಚಿತ್ರಿಸುವ ಕ್ಯಾಮೆರಾಕ್ಕೆ ಮನೆಯ ವಿನಾಯಿತಿ ಸಿಗದು ಎಂದು ಯುರೋಪಿನ ನ್ಯಾಯಾಲಯ 2014ರ ಡಿಸೆಂಬರ್‌ನಲ್ಲಿ ಹೇಳಿತು. ಜತೆಗೆ, ತನ್ನ ಆಸ್ತಿ ಮತ್ತು ಜೀವ ಕಾಯ್ದುಕೊಳ್ಳುವ ನ್ಯಾಯವಾದ ಹಿತವನ್ನು ತೂಗಿ ನೋಡಿ ಎಂದೂ ಹೇಳಿತು. ಹೀಗೆ ತೂಗಿ ನೋಡುವ ಅವಕಾಶ ಅಲ್ಲಿನ ಕಾನೂನಿನಲ್ಲಿತ್ತು. ನಮ್ಮ ಕಾಯ್ದೆಯಲ್ಲಿರುವುದು ಒಪ್ಪಿಗೆ, ಇಲ್ಲವೇ 7ನೇ ಕಲಮಿನ ಕೆಲವೇ ಗೊತ್ತಾದ ಕಾರಣಗಳು. ಯುರೋಪಿನ ಗೆರೆಯನ್ನು ಹಾಗೇ ತಂದು ಇಲ್ಲಿ ಎಳೆದರೆ, ಕಳ್ಳರ ಭಯದಿಂದ ಗೇಟಿಗೆ ಕ್ಯಾಮೆರಾ ಹಾಕಿಸಿದ ಒಂಟಿ ಮುದುಕಿ ದಾರಿಹೋಕರೆಲ್ಲರ ಒಪ್ಪಿಗೆ ಕೇಳಬೇಕಾದೀತು. ಅವಳಿಗೆ ವಿನಾಯಿತಿ ಸಿಗಬೇಕು. ಅತಿಥಿಗಳ ಕೋಣೆಯ ಬಾಗಿಲಿಗೆ ಮುಖಮಾಡಿದ ಹೋಮ್‌ಸ್ಟೇ ಕ್ಯಾಮೆರಾಕ್ಕೆ ಸಿಗಬಾರದು. ಮನೆಯೊಳಗಾದರೂ ಹಕ್ಕು ಇದ್ದೇ ಇದೆ. ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ, ಜತೆಯಲ್ಲಿ ವಾಸಿಸುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ.

ಈ ಗೊಂದಲವನ್ನು ಸಂಸತ್ತು ಕಾಯ್ದೆ ಬರೆಯುವಾಗಲೇ ಬಿಡಿಸಬಹುದಿತ್ತು. ತಾನೇ ಬಹಿರಂಗಪಡಿಸಿದ ಮಾಹಿತಿ ಎಂದರೇನು ಎಂಬುದಕ್ಕೆ 3ನೇ ಕಲಮಿನಲ್ಲಿ ಉದಾಹರಣೆ ಕೊಟ್ಟಿದ್ದಾರೆ. ಮನೆಯ ಉದ್ದೇಶ ಎಂದರೇನು ಎಂಬುದಕ್ಕೆ ಒಂದೂ ಇಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಗಡುವು ಇಟ್ಟಿದ್ದಾರೆ. ಅಂದರೆ 2027ರ ಮೇ. ರಕ್ಷಣೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಆಧಾರ್ ಸೋರಿಹೋದ ಹುಡುಗನಿಗೆ, ರೀಲ್‌ನಲ್ಲಿ ಸಿಕ್ಕಿಬಿದ್ದ ಹೆಂಗಸಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಕಂಪನಿಗಳ ನಿರ್ಲಕ್ಷ್ಯಕ್ಕೆ ಪರಿಹಾರ ಕೊಡಿಸುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ತೆಗೆದುಹಾಕುವುದೂ ಈ ದತ್ತಾಂಶ ಕಾಯ್ದೆಯಲ್ಲೇ ಸೇರಿದೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಗಡುವು ಮುಗಿಯುವುದರೊಳಗೆ ಸರ್ಕಾರ ಸಣ್ಣ ಕೆಲಸವೊಂದನ್ನು ಮಾಡಬಹುದು: ಹೋಮ್‌ಸ್ಟೇ, ಬಾಡಿಗೆ ಕೋಣೆ, ಗೇಟಿನ ಕ್ಯಾಮೆರಾ, ತೀರದ ಫೋಟೊ, ಈ ನಾಲ್ಕಕ್ಕೆ ನೇರ ಉದಾಹರಣೆ ಕೊಟ್ಟು ಒಂದು ಹಾಳೆ ಅಚ್ಚು ಹಾಕಿಸಿ ಪಂಚಾಯಿತಿಗಳಿಗೆ ಕಳಿಸುವುದು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಅವಕಾಶವನ್ನು ಕಾಯ್ದೆ ಈಗಾಗಲೇ ಕೊಟ್ಟಿದೆ. ಅದರಲ್ಲಿ ಕೊಂಕಣಿಯೂ ಇದೆ, ಕನ್ನಡವೂ ಇದೆ. ವಿಜಯಪುರದಿಂದ ಬಂದು ಕಲಂಗುಟ್‌ನಲ್ಲಿ ಬಾಡಿಗೆ ಕೋಣೆ ಹಿಡಿಯುವ ಕೂಲಿಯವನು, ಬಾಡಿಗೆದಾರರ ಬಗ್ಗೆ ಪೊಲೀಸರಿಗೆ ಕೊಡುವ ಫಾರ್ಮಿನಾಚೆಗೆ ತನ್ನ ಮಕ್ಕಳ ಫೋಟೊ ಏಕೆ ಬೇಕು ಎಂಬ ವಿವರಣೆಯನ್ನು ಆ ಗಡುವಿನ ನಂತರ ಕನ್ನಡದಲ್ಲೇ ಕೇಳಬಹುದು.