ಮನೆ ಮಾರುವವನಿಗೆ ಪರೀಕ್ಷೆ ಇದೆ, ಕಟ್ಟುವವನಿಗೆ?

ಕಳೆದ ದೀಪಾವಳಿಗೆ ಮುಂಚೆ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯ ಕಪಾಟು ಮತ್ತು ಎರಡು ವಾರ್ಡ್‌ರೋಬ್ ಮಾಡಿಸಿದೆವು. ಕೆಲಸ ಹಿಡಿದವರು ರಾಜಸ್ಥಾನದ ಸುತಾರರು. ಪ್ಲೈವುಡ್ ಹಲಗೆ ಹೊತ್ತು ಮೇಲೆ ತರಲು, ಮರದ ಹೊಟ್ಟು ಗುಡಿಸಲು ಅವರ ಜತೆ ಒಬ್ಬ ಬಿಗಾರಿ ಇದ್ದ. ಎರಡನೇ ದಿನ ಆತ ಫೋನಿನಲ್ಲಿ, "ಹಬ್ಬಕ್ಕ ಬರಾಕ ಆಗೂದಿಲ್ಲಬೇ ಯವ್ವಾ, ಕೆಲಸ ಐತಿ" ಅಂದಾಗ ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಿದೆ.

ಸಿಂದಗಿ ಕಡೆಯವನು. ವಯಸ್ಸು ಹೆಚ್ಚುಕಡಿಮೆ ನನ್ನಷ್ಟೇ. ಈ ಕಡೆ ಬಂದು ಹನ್ನೊಂದು ವರ್ಷ, ಅದರಲ್ಲಿ ಎಂಟು ವರ್ಷ ಬಡಗಿಗಳ ಜತೆಗೇ. ಆದರೂ ಇನ್ನೂ ಬಿಗಾರಿ. ಮಿಸ್ತ್ರಿಗೆ ದಿನಕ್ಕೆ 1,200 ರೂಪಾಯಿ ಆದರೆ ಈತನಿಗೆ 600. ಯಾಕೆ ಅಂತ ಕೇಳಿದೆ. "ಮಶೀನ್ ನಮ್ಮ ಕೈಯಾಗ ಕೊಡೂದಿಲ್ರಿ ಸರ. ಅವರು ಅವರ ಊರಿನ ಹುಡುಗರಿಗೆ ಕಲಸ್ತಾರ. ನಂದು ಬರೀ ಹೊರೂದು, ಗುಡಸೂದು. ಕಲೀಬೇಕಂದ್ರ ಎಲ್ಲಿ ಹೋಗಬೇಕ್ರಿ?"

ಹುಡುಕಿ ಹೇಳ್ತೀನಿ ಅಂದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಎರಡು ವಾರ ಹಿಡಿಯಿತು.

ಕಲಿಯುವ ದಾರಿಗಳು ಇಲ್ಲವೆಂದಲ್ಲ. ಐಟಿಐಯಲ್ಲಿ ಬಡಗಿ ಕೆಲಸಕ್ಕೆ ಒಂದು ವರ್ಷದ ಕೋರ್ಸ್ ಇದೆ, ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಆದರೆ ಊರಿಗೆ ತಿಂಗಳಿಗೆ ಇಷ್ಟು ಅಂತ ಹಣ ಕಳಿಸುವವನು ಒಂದು ವರ್ಷ ದುಡಿಮೆ ಬಿಟ್ಟು ಬೆಂಚಿನ ಮೇಲೆ ಕೂರಲಾರ. ಐಟಿಐ ಹದಿನಾರರ ಹುಡುಗನಿಗೆ ಸರಿ, ಮೂವತ್ತು ದಾಟಿದ ತಂದೆಗಲ್ಲ.

ಎರಡನೆಯದು ಪಿಎಂ ವಿಶ್ವಕರ್ಮ ಯೋಜನೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಇದರಲ್ಲಿ ಬಡಗಿ, ಗಾರೆಯವರೂ ಸೇರಿ 18 ಕಸುಬುಗಳಿವೆ. 5ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿ ಸಾಲ. ಒಳ್ಳೆಯ ಯೋಜನೆಯೇ. ಆದರೆ ಇದು ಕುಟುಂಬದ ಪರಂಪರೆಯ ಕಸುಬನ್ನು ಸ್ವಂತ ಉದ್ಯೋಗವಾಗಿ ಮಾಡುತ್ತಿರುವವರಿಗೆ. ಈಗಾಗಲೇ ಉಳಿ ಹಿಡಿದವನ ಕೈಗೆ ಒಳ್ಳೆಯ ಉಳಿ ಕೊಡುತ್ತದೆ, ಉಳಿ ಮುಟ್ಟಲು ಬಿಡದವನಿಗೆ ಇಲ್ಲಿ ಜಾಗ ಇಲ್ಲ. ಮೊದಲಿನಿಂದ ಕಲಿಯುವವನಿಗೆ ಏಳು ದಿನದಲ್ಲಿ ಏನು ಬಂದೀತು?

ಕೇಂದ್ರದ ಕೌಶಲ ಯೋಜನೆಯಡಿ, ಈಗಾಗಲೇ ಬರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಅಲ್ಲೂ ಅದೇ ತೊಡಕು: ಬಂದರೆ ತಾನೇ ಪರೀಕ್ಷೆ! ಇನ್ನು ಪನ್ವೇಲ್‌ನಲ್ಲಿ ಎಲ್ ಅಂಡ್ ಟಿ ಕಂಪನಿಯ ನಿರ್ಮಾಣ ಕೌಶಲ ತರಬೇತಿ ಸಂಸ್ಥೆ ಇದೆ. ಅಲ್ಲಿ ಕಲಿಸುವ ಬಡಗಿತನ ಮುಖ್ಯವಾಗಿ ಸೆಂಟ್ರಿಂಗ್ ಕೆಲಸ, ಅಂದರೆ ಕಾಂಕ್ರೀಟ್ ಸುರಿಯಲು ಅಚ್ಚು ಕಟ್ಟುವುದು. ದೊಡ್ಡ ಸೈಟುಗಳಿಗೆ ಬೇಕಾದ ಕಸುಬು ಅದು. ಮನೆಯೊಳಗಿನ ಬಾಗಿಲು, ಕಪಾಟು ಮಾಡುವ ಕೈ ಬೇರೆ.

ಹಾಗಾದರೆ ಸುತಾರರು ಎಲ್ಲಿ ಕಲಿತರು? ಅಣ್ಣನ ಹತ್ತಿರ, ಮಾವನ ಹತ್ತಿರ. ಹುಡುಗ ಬಂದ ಮೊದಲ ವರ್ಷ ಅಂಟು ಹಚ್ಚುತ್ತಾನೆ, ಮುಂದೆ ಸನ್‌ಮೈಕಾ ಕತ್ತರಿಸುತ್ತಾನೆ, ಆಮೇಲೆ ಅಳತೆ. ಮೂರು ನಾಲ್ಕು ವರ್ಷಕ್ಕೆ ಮಿಸ್ತ್ರಿ. ನಮ್ಮ ತುಳುನಾಡಿನ ಆಚಾರಿ ಮನೆತನಗಳಲ್ಲಿ ನಡೆದದ್ದೂ ಇದೇ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಈ ದೇಶದಲ್ಲಿ ಬಡಗಿತನದ ನಿಜವಾದ ಶಾಲೆ ನಡೆಸುತ್ತಿರುವವರು ಅವರೇ. ಆ ಶಾಲೆಗೆ ಪ್ರವೇಶಪತ್ರ ಮಾತ್ರ ನೆಂಟಸ್ತಿಕೆ. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದು ಠಾಣೆ, ಕಲ್ಯಾಣ, ಐರೋಲಿಯ ನಾಕಾಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ನಿಲ್ಲುವ ನಮ್ಮವರಿಗೆ ಈ ಕಸುಬಿನಲ್ಲಿ ಅಣ್ಣನೂ ಇಲ್ಲ, ಮಾವನೂ ಇಲ್ಲ.

ಜರ್ಮನಿಯಲ್ಲಿ ಇದೇ ನೆಂಟಸ್ತಿಕೆಯ ಶಾಲೆಯನ್ನು ಎಲ್ಲರಿಗೂ ತೆರೆದಿದ್ದಾರೆ. ಅಲ್ಲಿ ಬಡಗಿಯಾಗಲು ಮೂರು ವರ್ಷ. ವಾರದ ಹೆಚ್ಚು ದಿನ ಸಂಬಳ ಪಡೆದು ಕಾರ್ಯಾಗಾರದಲ್ಲಿ ಕೆಲಸ, ಉಳಿದ ದಿನ ಶಾಲೆ, ಕೊನೆಗೆ ಪರೀಕ್ಷೆ. ನಮ್ಮಲ್ಲೂ 1961ರಿಂದಲೇ ಅಪ್ರೆಂಟಿಸ್ ಕಾಯ್ದೆ ಇದೆ. ಆದರೆ ಅದು ಕಾರ್ಖಾನೆ, ಕಂಪನಿಗಳಿಗೆ ಹೊಂದುವ ಕಾಯ್ದೆ. ನಾಲ್ಕು ಜನರ ಮಿಸ್ತ್ರಿ ತಂಡಕ್ಕೂ ಅದಕ್ಕೂ ಭೇಟಿಯೇ ಆಗುವುದಿಲ್ಲ.

ಮುಖ್ಯ ಪ್ರಶ್ನೆ ಬೇರೆಯೇ ಇದೆ. ತರಬೇತಿ ಪಡೆದವನನ್ನು ಕೇಳುವವರು ಯಾರು? 2023ರಲ್ಲಿ ಮಹಾರೇರಾ, ಮನೆ ಮಾರುವ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಮನೆ ತೋರಿಸುವವನು ಪಾಸಾಗಿರಬೇಕು, ಅದರ ಗೋಡೆ ಎಬ್ಬಿಸುವವನು, ಬಾಗಿಲು ಕೂರಿಸುವವನು ಏನೂ ಆಗಿರಬೇಕಿಲ್ಲ! ರೇರಾ ಕಾಯ್ದೆಯ ಪ್ರಕಾರ ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದಲ್ಲಿ ದೋಷ ಕಂಡರೆ ಬಿಲ್ಡರ್ ಸರಿಪಡಿಸಿಕೊಡಬೇಕು. ದೋಷ ಬಂದ ಮೇಲೆ ಯಾರು ಹೊಣೆ ಎಂಬುದನ್ನು ಬರೆದಿದ್ದೇವೆ, ದೋಷ ಬಾರದಂತೆ ಕೆಲಸಗಾರನನ್ನು ತಯಾರು ಮಾಡುವುದನ್ನು ಬರೆದಿಲ್ಲ.

ಕೇಳುವವರಿದ್ದರೆ ಏನಾಗುತ್ತದೆ ಎಂಬುದಕ್ಕೆ 2024ರ ಜನವರಿ ಸಾಕ್ಷಿ. ಇಸ್ರೇಲ್‌ಗೆ ಕಾರ್ಮಿಕರನ್ನು ಆರಿಸಲು ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಕೌಶಲ ಪರೀಕ್ಷೆ ನಡೆಯಿತು. ಸೆಂಟ್ರಿಂಗ್ ಬಡಗಿ, ಕಬ್ಬಿಣ ಕಟ್ಟುವವರು, ಟೈಲ್ಸ್ ಮತ್ತು ಗಿಲಾವಿನವರಿಗೆ ತಿಂಗಳಿಗೆ ಸುಮಾರು 1.37 ಲಕ್ಷ ರೂಪಾಯಿ ಸಂಬಳ. ಯುದ್ಧದ ಭಯ ಇದ್ದರೂ ಚಳಿಯಲ್ಲಿ ಉದ್ದನೆಯ ಸರದಿ ನಿಂತಿತು. ಎಷ್ಟೋ ಸಾಫ್ಟ್‌ವೇರ್ ಹುಡುಗರಿಗೆ ಇಲ್ಲಿ ಅಷ್ಟು ಸಂಬಳ ಇಲ್ಲ.

ಈಗ ನಮ್ಮ ಆಫೀಸುಗಳಲ್ಲಿ ಒಂದು ಮಾತು ಓಡಾಡುತ್ತಿದೆ: 'ಎಐ ಬಂದು ನಮ್ಮ ಕೋಡ್ ಬರೆಯುತ್ತದೆ, ಬಡಗಿಯ ಕೆಲಸಕ್ಕೆ ಮಾತ್ರ ಕುತ್ತಿಲ್ಲ.' ಹಾಗೆ ಹೇಳುವ ಯಾರೂ ಮಗನನ್ನು ಬಡಗಿ ಕೆಲಸಕ್ಕೆ ಕಳಿಸುವುದಿಲ್ಲ. ನಾನೂ ಕಳಿಸಲಿಕ್ಕಿಲ್ಲ. ಕಾರಣ ಕೆಲಸವಲ್ಲ, ಆ ಕೆಲಸದ ಸುತ್ತ ಏನೂ ಇಲ್ಲದಿರುವುದು. ಪಿಎಫ್ ಇಲ್ಲ, ರಜೆ ಇಲ್ಲ, ಬಿದ್ದರೆ ಕೇಳುವವರಿಲ್ಲ. 2023ರ ಸೆಪ್ಟೆಂಬರ್ 10ರಂದು ಠಾಣೆಯ ಬಾಳ್ಕುಮ್‌ನಲ್ಲಿ ಕಟ್ಟುತ್ತಿದ್ದ 40 ಅಂತಸ್ತಿನ ಕಟ್ಟಡದ ಲಿಫ್ಟ್ ಬಿದ್ದು 7 ಕಾರ್ಮಿಕರು ಸತ್ತರು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದಿದ್ದ ಕಾಯ್ದೆಯಿಂದ ಹುಟ್ಟಿದ ಕಲ್ಯಾಣ ಮಂಡಳಿಗಳಿವೆ. ಆದರೆ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ದಿನಕ್ಕೊಬ್ಬ ಯಜಮಾನನ ಬಳಿ ದುಡಿಯುವವನಿಗೆ 90 ದಿನಕ್ಕೆ ಸಹಿ ಹಾಕುವವರು ಯಾರು? ಮಹಾನಗರ ಪಾಲಿಕೆಯಲ್ಲೂ ಆ ಪತ್ರ ಪಡೆಯಬಹುದು. ಅದಕ್ಕೆ ಒಂದು ದಿನದ ಕೂಲಿ ಬಿಟ್ಟು, ಮರಾಠಿಯಲ್ಲಿ ಅರ್ಜಿ ಬರೆಯಬಲ್ಲವರನ್ನು ಹುಡುಕಬೇಕು.

ನಮ್ಮ ಪಾಲು ಶುರುವಾಗುವುದು ಇಲ್ಲಿಯೇ. ಮುಂಬೈ ಕನ್ನಡಿಗರಿಗೆ ಇದು ಹೊಸ ಕೆಲಸವಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ನಮ್ಮ ಹಿರಿಯರು ಕನ್ನಡ ರಾತ್ರಿ ಶಾಲೆ ನಡೆಸಿದರು. ಅಲ್ಲಿ ಓದಿದವರು ಬ್ಯಾಂಕು, ಕಚೇರಿ ಸೇರಿದರು. ಆ ಹುಡುಗರ ಜಾಗದಲ್ಲಿ ಇವತ್ತು ನಾಕಾದ ಬಿಗಾರಿ ನಿಂತಿದ್ದಾನೆ. ಊರಿನಲ್ಲೂ ಮಾದರಿಗಳಿವೆ: 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್, ಕಾರ್ಕಳದಲ್ಲಿ ಮರ, ಕಲ್ಲಿನ ಕೆತ್ತನೆ ಕಲಿಸುವ ಕೆನರಾ ಬ್ಯಾಂಕಿನ ಸಿ.ಇ. ಕಾಮತ್ ಸಂಸ್ಥೆ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬೈಯ ನಮ್ಮ ಸಂಘಗಳಲ್ಲಿ ಸಭಾಗೃಹಗಳಿವೆ, ನಿವೃತ್ತ ಎಂಜಿನಿಯರುಗಳಿದ್ದಾರೆ. ಆರು ತಿಂಗಳ ಭಾನುವಾರಗಳು, ಕಲಿಸಲು ಸಂಬಳ ಪಡೆಯುವ ಒಬ್ಬ ಮಿಸ್ತ್ರಿ, ಹತ್ತು ಹುಡುಗರು, ಕೊನೆಗೆ ಸರ್ಕಾರದ ಪರೀಕ್ಷೆ. ಜತೆಗೆ ಮಂಡಳಿಯ ಅರ್ಜಿ ತುಂಬುವ ಒಂದು ಮೇಜು. ಒಂದು ವಾರ್ಷಿಕೋತ್ಸವದ ಮಂಟಪದ ಖರ್ಚಿನಲ್ಲಿ ಆರಂಭಿಸಬಹುದು.

ಇನ್ನೊಂದು ಕೆಲಸಕ್ಕೆ ಸಂಘವೂ ಬೇಡ. ಮನೆ ಕೆಲಸ ಕೊಡುವಾಗ ಪ್ಲೈವುಡ್ 303 ಆ, 710 ಆ ಅಂತ ಐಎಸ್ ನಂಬರ್ ಕೇಳುತ್ತೇವೆ. ಅದೇ ಉಸಿರಿನಲ್ಲಿ, ಹೆಲ್ಪರ್‌ಗೆ ಏನು ಕಲಿಸುತ್ತೀರಿ ಅಂತಲೂ ಕೇಳೋಣ. ನಾನು ಕೇಳಿದೆ. ಗುತ್ತಿಗೆದಾರ ನಕ್ಕರು, "ಸರ್ಟಿಫಿಕೇಟ್ ಇದ್ದರೆ ಗೆರೆ ನೇರ ಬರಲ್ಲ ಸಾಬ್" ಅಂದರು. ಅದೂ ನಿಜವೇ. "ಕೈಗೆ ಕೊಟ್ಟರೆ ಬರುತ್ತದಲ್ಲ" ಅಂದೆ. ಕೊನೆಗೆ ಎರಡನೇ ವಾರ್ಡ್‌ರೋಬಿನ ಒಂದು ಬಾಗಿಲಿನ ಕೀಲುಗಳನ್ನು ಸಿಂದಗಿಯವನೇ ಕೂರಿಸಿದ. ಒಂದು ಸೂತ್ ಓರೆಯಾಗಿತ್ತು. ಬಿಚ್ಚಿ, ಮತ್ತೆ ತಾನೇ ಸರಿಮಾಡಿದ.

ಮೊನ್ನೆ ಆತನ ಫೋನ್ ಬಂದಿತ್ತು. "ಎಲ್ಲೆರ ಕಲಸೂ ಜಾಗ ಸಿಕ್ತೇನ್ರಿ ಸರ?" ಇನ್ನೂ ಇಲ್ಲ ಅಂದೆ. ಈ ಅಂಕಣ ಓದಿದ ಸಂಘದವರು ಯಾರಾದರೂ ಒಂದು ಭಾನುವಾರದ ಬಾಗಿಲು ತೆರೆದರೆ, ಮೊದಲ ಹೆಸರು ನನ್ನ ಬಳಿ ಇದೆ.