ಸ್ಕ್ರೂ ತಿರುಗಿಸಿದರೆ ಚಿಪ್ ವಿದ್ಯೆ ಬರಲ್ಲ

ಕೋಲಾರಕ್ಕೆ 'ಚಿಪ್ ಯುಗ' ಬಂತು ಅಂತ ಬೀಗುವವರಿಗೆ ಒಂದು ಮಾತು. ನರಸಾಪುರದ ಕಾರ್ಖಾನೆ 2023ರಲ್ಲಿ ವಿಸ್ಟ್ರಾನ್‌ನಿಂದ ಟಾಟಾ ಕೈಗೆ ಬಂತು, ಸಂತೋಷ. ಆದರೆ ಅಲ್ಲಿ ನಡೆಯೋದು ಫೋನ್ ಜೋಡಣೆ. ಚಿಪ್ ವಿದ್ಯೆ ಬೇರೆ ಸ್ವಾಮಿ!

ನಾನು ಕೋಡ್ ಕುಟ್ಟುವವನೇ, ಆದರೂ ಹೇಳ್ತೀನಿ: ಆ ವಿದ್ಯೆಗೆ ನಮಗೆಟುಕುವ ಬಾಗಿಲು ಬಾಳಿಕೆ ಪರೀಕ್ಷೆ. ಡಯೋಡನ್ನು ಸಾವಿರ ಗಂಟೆ ದುಡಿಸಿ, ವೋಲ್ಟೇಜ್ ಕೆಲವು ಮಿಲಿವೋಲ್ಟ್ ಸರಿಯಿತೇ ಅಂತ ನೋಡೋದು. ಅಳೆಯುವಾಗ 10 ಆಂಪಿಯರ್ ಸತತ ಹರಿಸಿದರೆ, 1 ವೋಲ್ಟಿಗೇ 10 ವಾಟ್ ಬಿಸಿ. ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ... ಆಗ ನೀವು ಅಳೆದದ್ದು ಮುಪ್ಪನ್ನಲ್ಲ, ಜ್ವರವನ್ನ! ಅದನ್ನೇ 100 ಮಿಲಿಸೆಕೆಂಡಿಗೊಮ್ಮೆ 100 ಮೈಕ್ರೋಸೆಕೆಂಡ್ ಪಲ್ಸ್ ಆಗಿ ಕೊಡಿ, ಸರಾಸರಿ 10 ಮಿಲಿವಾಟ್ ಅಷ್ಟೇ.

"ಸಿಮ್ಯುಲೇಶನ್ ಮಾಡಿಸ್ತೀವಲ್ಲ" ಅಂತಾರೆ. ಅಲ್ಲಿ ನೀವೇ ಹಾಕದ ಹೊರತು ತಂತಿಗೆ ಇಂಡಕ್ಟನ್ಸ್ ಇರಲ್ಲ. ನಿಜವಾದ ಒಂದು ಮೀಟರ್ ತಂತಿಗೆ ಸುಮಾರು 1 ಮೈಕ್ರೋಹೆನ್ರಿ. 1 ಮೈಕ್ರೋಸೆಕೆಂಡಿನಲ್ಲಿ 10 ಆಂಪಿಯರ್ ಏರಿಸಹೋದರೆ ತಂತಿಯೇ 10 ವೋಲ್ಟ್ ನುಂಗುತ್ತೆ! ತಂತಿ ಗಿಡ್ಡ ಮಾಡೋದು, ಹೆಣೆಯೋದು, ಅಳತೆಗೆ ಬೇರೆ ಜೋಡಿ ಎಳೆಯೋದು ಕೈಗೇ ಬರಬೇಕಾದ ಪಾಠ.

ಮಾಸ್‌ಫೆಟ್, ಆಪ್‌-ಆಂಪ್, ಶಂಟ್ ರೆಸಿಸ್ಟರ್... ಇವಕ್ಕೆ ಒಂದು ಮೊಬೈಲಿನ ದುಡ್ಡೂ ಬೇಡ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಡಿಪ್ಲೊಮಾ ಮಕ್ಕಳ ಮೇಜಿಗೆ ಮೊದಲು ಇದು ಬರಲಿ. ಫ್ಲೆಕ್ಸ್ ಆಮೇಲೆ ಕಟ್ಟೋಣ. ಏನಂತೀರಿ?